ನೆಲಕ್ಕೆ ಕಾಂಕ್ರೀಟಿನ ಅಳತೆಗೋಲು ಬೇಡ: ಕಾಮಗಾರಿಯ ನಿಬಂಧನೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ರಸ್ತೆ, ರೈಲು, ಬಂದರು ಮತ್ತು ಕಟ್ಟಡ ಕಾಮಗಾರಿಗಳ ತಾಂತ್ರಿಕ ನಿಬಂಧನೆಗಳನ್ನು ಬರೆಯುವ ಹಾಗೂ ಅವಕ್ಕೆ ಮಂಜೂರಾತಿ ನೀಡುವ ಎಲ್ಲ ಅಧಿಕಾರಿಗಳಿಗೆ.

ಮಾನ್ಯರೇ,

ಮೆತ್ತನೆಯ ನೆಲದ ಮೇಲೆ ಏನನ್ನಾದರೂ ಕಟ್ಟಬೇಕಾಗಿ ಬಂದಾಗ ನಮ್ಮ ವೃತ್ತಿಯವರ ಕೈ ಮೊದಲು ಹೋಗುವುದು ಸಿಮೆಂಟಿಗೆ, ಇಲ್ಲವೆ ಸುಣ್ಣಕ್ಕೆ. ಜೇಡಿಮಣ್ಣಿಗೆ ನೂರಕ್ಕೆ ಮೂರರಿಂದ ಆರರಷ್ಟು ಸುಣ್ಣ ಬೆರೆಸಿ ರೋಲರ್ ಹಾಯಿಸುವುದು, ಆಳದ ಕೆಸರಿನೊಳಗೆ ಯಂತ್ರದ ಅಲಗುಗಳನ್ನು ಇಳಿಸಿ ಸಿಮೆಂಟ್ ಕಲಸಿ ಗಟ್ಟಿ ಕಂಬಗಳನ್ನು ನಿಲ್ಲಿಸುವುದು, ಇವೆಲ್ಲ ನಮಗೆ ಒಗ್ಗಿಹೋದ ಕೆಲಸಗಳು. ಸ್ವೀಡನ್ ಮತ್ತು ಜಪಾನ್‌ಗಳಲ್ಲಿ 1960 ಮತ್ತು 1970ರ ದಶಕಗಳಲ್ಲಿ ರೂಪುಗೊಂಡ ಆಳಮಿಶ್ರಣ ವಿಧಾನವು ಇಂದು ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ, ಮತ್ತು ಅದರಲ್ಲಿ ಒಂದು ಘನ ಮೀಟರ್ ಮಣ್ಣಿಗೆ 100ರಿಂದ 300 ಕಿಲೋಗ್ರಾಂವರೆಗೆ ಸಿಮೆಂಟ್ ಸುರಿಯುವುದು ಸಾಮಾನ್ಯ. ಕಟ್ಟಡ ಎದ್ದು ನಿಂತ ಮೇಲೆ ಅದರ ಕಂಬ ತೊಲೆಗಳಲ್ಲಿರುವ ಸಿಮೆಂಟನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಕಾಲಡಿಯಲ್ಲಿ ಹೂತುಹೋದ ಸಿಮೆಂಟಿನ ಲೆಕ್ಕ ಕೇಳುವವರು ಕಡಿಮೆ.

ಆ ಲೆಕ್ಕ ಸಣ್ಣದಲ್ಲ. ಸುಣ್ಣದಕಲ್ಲನ್ನು ಸುಡುವಾಗ ಒಲೆಯ ಹೊಗೆಯನ್ನು ಪಕ್ಕಕ್ಕಿಟ್ಟರೂ, ಕಲ್ಲಿನ ಒಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ: 1000 ಕಿಲೋ ಶುದ್ಧ ಸುಣ್ಣದಕಲ್ಲು 440 ಕಿಲೋ ಅನಿಲವನ್ನು ಗಾಳಿಗೆ ಬಿಟ್ಟು 560 ಕಿಲೋ ಸುಟ್ಟ ಸುಣ್ಣವಾಗಿ ಉಳಿಯುತ್ತದೆ. ಅರೆದು ಸಿಮೆಂಟ್ ಮಾಡುವ ಸುಟ್ಟ ಉಂಡೆಗಳು, ಅಂದರೆ ಕ್ಲಿಂಕರ್, ತಯಾರಾಗುವುದು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ. ಕಲ್ಲಿನ ಅನಿಲ ಮತ್ತು ಇಂಧನದ ಹೊಗೆ ಎರಡೂ ಸೇರಿ, ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಉದ್ಯಮದ್ದೇ ಆಗಿದೆ. ಇನ್ನೊಂದು ಕಡೆ ವಿದ್ಯುತ್ ಸ್ಥಾವರ, ಉಕ್ಕಿನ ಕಾರ್ಖಾನೆ, ಅಲ್ಯುಮಿನಾ ಘಟಕ ಮತ್ತು ಅಸಿಟಿಲೀನ್ ಘಟಕಗಳ ಹಿಂದೆ ಬೂದಿ, ಕಿಟ್ಟ (ಲೋಹ ಕರಗಿಸುವಾಗ ಉಳಿಯುವ ಕಲ್ಮಶ), ಕೆಸರುಗಳ ಗುಡ್ಡಗಳು ಬೆಳೆಯುತ್ತಿವೆ. ಇವುಗಳಲ್ಲಿ ಹಲವನ್ನು ಆಗಲೇ ಒಮ್ಮೆ ಬೆಂಕಿಗೆ ಹಾಕಿ ತೆಗೆದಾಗಿದೆ, ಅಂದರೆ ಅವುಗಳಿಗಾಗಿ ಸುಡಬೇಕಾದ್ದನ್ನು ಬೇರೊಬ್ಬರು ಈಗಾಗಲೇ ಸುಟ್ಟಿದ್ದಾರೆ.

ಇಷ್ಟರಮಟ್ಟಿಗೆ ನಿಮಗೂ ನನಗೂ ಭಿನ್ನಾಭಿಪ್ರಾಯವಿರಲಾರದು. ಸುಸ್ಥಿರ ನಿರ್ಮಾಣದ ಮೇಲಿನ ಪ್ರತಿಯೊಂದು ಸುತ್ತೋಲೆಯ ಮೊದಲ ಪುಟದಲ್ಲಿ ಈ ಮಾತುಗಳಿರುತ್ತವೆ. ನನ್ನ ತಕರಾರು ಇರುವುದು ಅದೇ ಕಡತದ ಹಿಂದಿನ ಪುಟಗಳಲ್ಲಿ, ಸಾಮಗ್ರಿಯ ಗುಣಮಟ್ಟ ಹೇಳುವ ಕೋಷ್ಟಕದಲ್ಲಿ. ಅಲ್ಲಿ ನೆಲಕ್ಕೆ ಹಾಕುವ ಬೂದಿಗೂ ಕಿಟ್ಟಕ್ಕೂ ಕಾಂಕ್ರೀಟಿನ ನಿಯಮಗಳನ್ನು ಹಾಗೆಯೇ ಎತ್ತಿ ಅಂಟಿಸಲಾಗಿರುತ್ತದೆ. ಇದರಿಂದ ನೆಲಕ್ಕೆ ಒಗ್ಗುವ ಸಾಮಗ್ರಿ ತಿರಸ್ಕೃತವಾಗುತ್ತದೆ, ನೆಲಕ್ಕೆ ಅಪಾಯ ತರುವ ಸಾಮಗ್ರಿ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಈ ಎರಡೂ ತಪ್ಪುಗಳನ್ನು ಒಟ್ಟಿಗೆ ಮಾಡುವ ನಿಯಮವನ್ನು ಬದಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕಲ್ಲಿದ್ದಲು ಸ್ಥಾವರದ ಹೊಗೆಯಿಂದ ಹಿಡಿದಿಡುವ ನುಣ್ಣನೆಯ ಹಾರುಬೂದಿಯನ್ನೇ ತೆಗೆದುಕೊಳ್ಳೋಣ. ಕಾಂಕ್ರೀಟಿಗೆ ಬಳಸುವ ಬೂದಿಗಾಗಿ ಅಮೆರಿಕದ ಮಾನದಂಡ ಸಂಸ್ಥೆಯೊಂದು ಬರೆದ ಎಎಸ್‌ಟಿಎಂ ಸಿ618 ಮಾನದಂಡವು ಬೂದಿಯನ್ನು ಮತ್ತೆ ಕಾಯಿಸಿದಾಗ ಕಳೆದುಹೋಗುವ ತೂಕ ಸಾಮಾನ್ಯವಾಗಿ ನೂರಕ್ಕೆ 6ನ್ನು ಮೀರಬಾರದೆನ್ನುತ್ತದೆ. ಹೀಗೆ ಕಳೆದುಹೋಗುವುದು ಬಹುಪಾಲು ಉರಿಯದೆ ಉಳಿದ ಇಂಗಾಲ. ಕಾಂಕ್ರೀಟಿನಲ್ಲಿ ಸಣ್ಣ ಗಾಳಿಗುಳ್ಳೆಗಳನ್ನು ಮೂಡಿಸಲು ಹಾಕುವ ರಾಸಾಯನಿಕವನ್ನು ಈ ಇಂಗಾಲ ಹೀರಿಬಿಡುತ್ತದೆ ಎಂಬುದು ಆ ಮಿತಿಯ ಹಿಂದಿನ ಮುಖ್ಯ ಕಾರಣ. ಮಣ್ಣಿನಲ್ಲಿ ಯಾರೂ ಗಾಳಿಗುಳ್ಳೆ ಮೂಡಿಸುವುದಿಲ್ಲ. ಹೆಚ್ಚು ಇಂಗಾಲವಿದ್ದರೆ ಬೂದಿಯ ಬಿಗಿತ ಒಂದಿಷ್ಟು ತಗ್ಗಬಹುದು, ನೀರಿನ ಪ್ರಮಾಣ ಒಂದಿಷ್ಟು ಹೆಚ್ಚಬಹುದು. ಅದನ್ನು ಪ್ರಯೋಗಾಲಯದಲ್ಲಿ ಬೆರೆಸಿ ನೋಡಿದರೆ ತಿಳಿಯುತ್ತದೆ. ಆದರೂ ಕಾಂಕ್ರೀಟಿನ ಕೋಷ್ಟಕ ಹಿಡಿದು ಲಾರಿಗಟ್ಟಲೆ ಬೂದಿಯನ್ನು ವಾಪಸು ಕಳಿಸುತ್ತೇವೆ. ಮಣ್ಣಿನ ಸ್ಥಿರೀಕರಣಕ್ಕೆಂದೇ ಅದೇ ಸಂಸ್ಥೆಯ ಡಿ5239 ಮತ್ತು ಡಿ7762 ಎಂಬ ಬೇರೆ ದಾಖಲೆಗಳಿವೆ, ಯುರೋಪಿನಲ್ಲಿ ಇಎನ್ 14227 ಸರಣಿಯಿದೆ. ಆದರೂ ಟೆಂಡರ್ ದಾಖಲೆಗಳಲ್ಲಿ ನನ್ನ ಕಣ್ಣಿಗೆ ಹೆಚ್ಚಾಗಿ ಬೀಳುವುದು ಸಿ618ರ ಹೆಸರೇ.

ಬಲದ ವಿಚಾರದಲ್ಲೂ ಇದೇ ಕಥೆ. ಒಂದು ಕಟ್ಟಡದ ಕಂಬಕ್ಕೆ 30 ಮೆಗಾಪಾಸ್ಕಲ್ ಬಲ ಬೇಕಾಗಬಹುದು. ಆಳಮಿಶ್ರಣದ ಮಣ್ಣಿನ ಕಂಬಕ್ಕೆ ಹಲವೆಡೆ ಅರ್ಧದಿಂದ ಎರಡು ಮೆಗಾಪಾಸ್ಕಲ್ ಸಾಕು, ರಸ್ತೆಯ ತಳದ ಮಣ್ಣಿಗೆ ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಇಷ್ಟು ಕಡಿಮೆ ಕೇಳುವ ಜಾಗಕ್ಕೆ ಅತ್ಯುತ್ತಮ ಸಿಮೆಂಟ್ ಸುರಿಯುವುದು ಕಟ್ಟಿಗೆ ಸಾಕಾಗುವಲ್ಲಿ ಶ್ರೀಗಂಧ ಉರಿಸಿದ ಹಾಗೆ. ಕಾಂಕ್ರೀಟಿಗೆ ಒಗ್ಗದ, ಇಂಗಾಲ ಹೆಚ್ಚಿರುವ ಬೂದಿ, ಹೊಂಡಗಳಲ್ಲಿ ವರ್ಷಗಟ್ಟಲೆ ನೆನೆದ ಬೂದಿ, ಸಿಮೆಂಟ್ ಗೂಡಿನ ಧೂಳು ಮತ್ತು ಅಸಿಟಿಲೀನ್ ತಯಾರಿಕೆಯಲ್ಲಿ ಉಳಿಯುವ ಕಾರ್ಬೈಡ್ ಕೆಸರು, ಇವಕ್ಕೆ ಸರಿಯಾದ ಜಾಗ ನೆಲ.

ಕಾರ್ಬೈಡ್ ಕೆಸರಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ಅದರಷ್ಟು ಅಲಕ್ಷ್ಯಕ್ಕೊಳಗಾದ ಸಾಮಗ್ರಿ ಬೇರೊಂದಿಲ್ಲ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಸೇರಿದಾಗ ಅಸಿಟಿಲೀನ್ ಅನಿಲ ಮೇಲೇಳುತ್ತದೆ, ತಳದಲ್ಲಿ ಬಿಳಿ ಬೂದು ಬಣ್ಣದ ಕೆಸರು ಉಳಿಯುತ್ತದೆ. ರಸಾಯನಶಾಸ್ತ್ರದ ಲೆಕ್ಕದಂತೆ 64 ಕಿಲೋ ಕಾರ್ಬೈಡಿನಿಂದ 74 ಕಿಲೋ ಅರಳಿದ ಸುಣ್ಣ ಬರುತ್ತದೆ. ಹಾಕಿದ್ದಕ್ಕಿಂತ ಉಳಿದದ್ದೇ ಹೆಚ್ಚು. ಅದು ಬೇರೆ ಯಾವುದೋ ಅಲ್ಲ, ನಾವು ಗೂಡಿನಲ್ಲಿ ಕಲ್ಲು ಸುಟ್ಟು ತಯಾರಿಸುವ ಅದೇ ಸುಣ್ಣ, ಅಷ್ಟಿಷ್ಟು ಕಲ್ಮಶ ಸೇರಿದ್ದು. ಇದನ್ನು ಹಾರುಬೂದಿಯೊಂದಿಗೆ ಬೆರೆಸಿದರೆ ಸುಣ್ಣ ಕ್ಷಾರತೆಯನ್ನು ಕೊಡುತ್ತದೆ, ಆ ಕ್ಷಾರದಲ್ಲಿ ಬೂದಿಯ ಮತ್ತು ಜೇಡಿಮಣ್ಣಿನ ಸಿಲಿಕಾ, ಅಲ್ಯುಮಿನಾಗಳು ಕರಗಿ ಸುಣ್ಣದ ಜೊತೆ ಸೇರಿ ಅಂಟು ಕಟ್ಟುತ್ತವೆ. ಹೊಸದಾಗಿ ಒಂದು ಕಲ್ಲನ್ನೂ ಸುಡದೆ ಮಣ್ಣು ಗಟ್ಟಿಯಾಗುತ್ತದೆ. ಆದರೆ ನಿಬಂಧನೆಯಲ್ಲಿ "ಸುಣ್ಣ" ಎಂದು ಬರೆದ ಕಡೆ ಗೂಡಿನ ಸುಣ್ಣವನ್ನಷ್ಟೇ ಅರ್ಥ ಮಾಡಿಕೊಳ್ಳುವುದರಿಂದ ಈ ಕೆಸರು ಕಾರ್ಖಾನೆಯ ಹಿತ್ತಲಲ್ಲೇ ಕೊಳೆಯುತ್ತದೆ.

ಅದಿರಿನಿಂದ ಕಬ್ಬಿಣ ಕರಗಿಸುವ ಊದುಕುಲುಮೆಯ ಕಿಟ್ಟದ ಸಂಗತಿ ಬೇರೆ. ಕಾದ ಕಿಟ್ಟವನ್ನು ನೀರಿನಲ್ಲಿ ಥಟ್ಟನೆ ತಣಿಸಿದಾಗ ಅದು ಹರಳುಗಟ್ಟದೆ ಗಾಜಿನಂತಾಗುತ್ತದೆ ಮತ್ತು ಸುಣ್ಣ ಸೇರಿದರೆ ನೀರಿನಲ್ಲಿಯೂ ಗಟ್ಟಿಯಾಗುತ್ತದೆ ಎಂಬುದನ್ನು ಜರ್ಮನಿಯ ಎಮಿಲ್ ಲಾಂಗೆನ್ 1862ರಲ್ಲೇ ಗುರುತಿಸಿದ್ದರು. ನುಣ್ಣಗೆ ಅರೆದ ಈ ಕಿಟ್ಟ ನೆಲಕ್ಕೆ ಬಹಳ ಒಳ್ಳೆಯ ಬಂಧಕ, ಅಂದರೆ ಮಣ್ಣಿನ ಕಣಗಳನ್ನು ಅಂಟಿಸುವ ವಸ್ತು. ಒಂದೇ ಕೊರತೆಯೆಂದರೆ ಅದು ನಿಧಾನಿ, ಚಳಿಯಲ್ಲಂತೂ ಇನ್ನೂ ನಿಧಾನಿ. ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ಕಿಟ್ಟ ಮತ್ತು ಸುಣ್ಣದ ಮಿಶ್ರಣವನ್ನು ಏಳನೆಯ ದಿನದ ಪರೀಕ್ಷೆಯಲ್ಲಿ ಬಲ ಸಾಲದೆಂದು ತಿರಸ್ಕರಿಸಿ ಪೂರ್ತಿ ಸಿಮೆಂಟ್ ಹಾಕಿಸಿದರು. ಬಿಸಾಡದೆ ಉಳಿಸಿಟ್ಟಿದ್ದ ಅದೇ ಮಾದರಿಗಳನ್ನು ಮೂರು ತಿಂಗಳ ನಂತರ ಒಡೆದು ನೋಡಿದಾಗ ಅವು ಬೇಕಾದ ಬಲವನ್ನು ಮೀರಿದ್ದವು. ಆ ನೆಲದ ಮೇಲೆ ಮೊದಲ ಭಾರ ಬರಬೇಕಿದ್ದದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ. ಏಳನೆಯ ದಿನವೇ ಏಕೆ ಎಂದು ನಾನು ಕೇಳಿದ್ದಕ್ಕೆ, ಹಿಂದಿನ ಟೆಂಡರಿನಲ್ಲಿ ಹಾಗೇ ಇತ್ತು ಎಂಬ ಉತ್ತರ ಬಂತು.

ಇಲ್ಲಿಯವರೆಗೆ ಓದಿದವರಿಗೆ ನಾನು ಕಾರ್ಖಾನೆಗಳ ಪರವಾಗಿ ವಾದಿಸುತ್ತಿದ್ದೇನೆ ಅನ್ನಿಸಿರಬಹುದು. ಹಾಗಲ್ಲ. ಉಪೋತ್ಪನ್ನ ಎಂಬ ಹೆಸರಿನಡಿ ಕಂಡದ್ದನ್ನೆಲ್ಲ ರಸ್ತೆಯಡಿ ತುಂಬಿಸುವುದನ್ನು ನಾನು ಬೂದಿಯನ್ನು ತಿರಸ್ಕರಿಸುವುದಕ್ಕಿಂತ ಹೆಚ್ಚಾಗಿ ವಿರೋಧಿಸುತ್ತೇನೆ. ನೆಲಕ್ಕೆ ತನ್ನದೇ ಕಾಯಿಲೆಗಳಿವೆ, ಅವನ್ನು ಕಾಂಕ್ರೀಟಿನ ಕೋಷ್ಟಕ ಹಿಡಿಯಲಾರದು.

ಮೊದಲನೆಯದು ಊತ. ಲಾಸ್ ವೇಗಸ್‌ನ ಸ್ಟೂವರ್ಟ್ ಅವೆನ್ಯೂ ಎಂಬ ರಸ್ತೆಯ ತಳದ ಮಣ್ಣಿಗೆ ಸುಣ್ಣ ಬೆರೆಸಿದ್ದರು. ಕಟ್ಟಿದ ಸುಮಾರು ಎರಡು ವರ್ಷಗಳ ನಂತರ ರಸ್ತೆ ಉಬ್ಬಿ ಬಿರಿಯಿತು. ಮಣ್ಣಿನ ಎಂಜಿನಿಯರಿಂಗ್ ತಜ್ಞ ಜೇಮ್ಸ್ ಮಿಚೆಲ್ 1986ರಲ್ಲಿ ಇದನ್ನು ಚರ್ಚಿಸಿದ ಮೇಲೆ ಇದು ನಮ್ಮ ಶಾಸ್ತ್ರದ ಪಾಠವೇ ಆಯಿತು. ಮಣ್ಣಿನಲ್ಲಿ ಸಲ್ಫೇಟ್ ಎಂಬ ಗಂಧಕದ ಲವಣ ಇದ್ದರೆ ಅದು ಸುಣ್ಣ, ಅಲ್ಯುಮಿನಾ ಮತ್ತು ನೀರಿನೊಂದಿಗೆ ಸೇರಿ ಎಟ್ರಿಂಗೈಟ್ ಎಂಬ ಸೂಜಿಯಾಕಾರದ ಹರಳಾಗುತ್ತದೆ. ಅದರ ಒಂದೊಂದು ಅಣುಸೂತ್ರದಲ್ಲಿ 26 ನೀರಿನ ಅಣುಗಳು ಸಿಕ್ಕಿಕೊಂಡಿರುವುದರಿಂದ ಅದು ಬೆಳೆದಂತೆ ಮಣ್ಣು ಉಬ್ಬುತ್ತದೆ. ಇಂಗ್ಲೆಂಡಿನ ಎಂ40 ಹೆದ್ದಾರಿಯ ಕಾಮಗಾರಿಯಲ್ಲಿಯೂ 1989-90ರ ಚಳಿಗಾಲದಲ್ಲಿ ಸುಣ್ಣ ಬೆರೆಸಿದ ಪದರ ಉಬ್ಬಿತು. ಅಲ್ಲಿ ಮಣ್ಣಿನಲ್ಲಿದ್ದ ಪೈರೈಟ್ ಎಂಬ ಗಂಧಕದ ಖನಿಜ ಗಾಳಿ ತಗುಲಿ ಸಲ್ಫೇಟ್ ಆಗಿತ್ತು, ಅಂದರೆ ಆರಂಭದಲ್ಲಿ ಸಲ್ಫೇಟನ್ನಷ್ಟೇ ಅಳೆದಿದ್ದರೆ ಅಪಾಯ ಪೂರ್ತಿ ಕಾಣುತ್ತಿರಲಿಲ್ಲ. ಗಮನಿಸಿ, ಈ ಎರಡು ಕಡೆಯೂ ಕೆಟ್ಟದ್ದು ತ್ಯಾಜ್ಯದಿಂದಲ್ಲ, ನಿಯಮಬದ್ಧವಾಗಿ ಕೊಂಡ ಸುಣ್ಣದಿಂದ. ಇಂಥ ಮಣ್ಣಿಗೆ ಸುಣ್ಣವನ್ನು ಕಡಿಮೆ ಮಾಡಿ ಊದುಕುಲುಮೆಯ ಕಿಟ್ಟವನ್ನು ಹೆಚ್ಚಿಸಿದರೆ ಊತ ಬಹಳ ಮಟ್ಟಿಗೆ ತಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ. ಅದೇ ಸಮಯದಲ್ಲಿ, ಇದೇ ಮಣ್ಣಿಗೆ ಯಾರಾದರೂ ರಸಗೊಬ್ಬರ ಕಾರ್ಖಾನೆಯ ಜಿಪ್ಸಂ ತಂದು ಸುಣ್ಣದ ಜೊತೆ ಬೆರೆಸಿದರೆ ಅವರು ಸಲ್ಫೇಟನ್ನು ತಾವಾಗಿ ಲಾರಿಯಲ್ಲಿ ತಂದು ಸುರಿದಂತಾಯಿತು.

ಉಕ್ಕಿನ ಕುಲುಮೆಯ ಕಿಟ್ಟ ಇದಕ್ಕಿಂತ ಮೋಸಗಾರ. ಊದುಕುಲುಮೆಯ ಕಿಟ್ಟಕ್ಕೂ ಉಕ್ಕಿನ ಕಿಟ್ಟಕ್ಕೂ ಟೆಂಡರಿನಲ್ಲಿ "ಸ್ಲ್ಯಾಗ್" ಎಂಬ ಒಂದೇ ಹೆಸರು, ಆದರೆ ಗುಣದಲ್ಲಿ ಅವು ದಾಯಾದಿಗಳು. ಉಕ್ಕಿನ ಕಿಟ್ಟದಲ್ಲಿ ಕರಗದೆ ಉಳಿದ ಸುಟ್ಟ ಸುಣ್ಣದ ಮತ್ತು ಮೆಗ್ನೀಷಿಯಂ ಆಕ್ಸೈಡಿನ ಹರಳುಗಳಿರುತ್ತವೆ. ನೀರು ಕುಡಿದಾಗ ಇವುಗಳ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸುಣ್ಣ ಬೇಗ ಅರಳಿದರೆ ಮೆಗ್ನೀಷಿಯಂ ಆಕ್ಸೈಡ್ ವರ್ಷಗಟ್ಟಲೆ ಕಾಯ್ದು ಆಮೇಲೆ ಅರಳುತ್ತದೆ. ಕಟ್ಟಡದ ನೆಲಹಾಸಿನ ಅಡಿ ಇದನ್ನು ತುಂಬಿದರೆ ಗುತ್ತಿಗೆದಾರನ ಹೊಣೆಯ ಅವಧಿ ಮುಗಿದ ಮೇಲೆ ಬಿರುಕುಗಳು ಏಳುತ್ತವೆ. ಇದನ್ನು ತಿಂಗಳುಗಟ್ಟಲೆ ಬಯಲಲ್ಲಿ ನೀರು ಹಾಯಿಸಿ ಹದಗೊಳಿಸಬೇಕು, ಉಗಿಯ ಪರೀಕ್ಷೆಯಲ್ಲಿ ಎಷ್ಟು ಉಬ್ಬುತ್ತದೆಂದು ಅಳೆಯಬೇಕು, ಹಾಗೆ ಮಾಡಿದ ಮೇಲೂ ಬಿಗಿಯಾಗಿ ಸುತ್ತುವರಿದ ಜಾಗದಲ್ಲಿ ಹಾಕಬಾರದು. ಇದರಿಂದ ಬಸಿಯುವ ಕ್ಷಾರದ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣದ ಹಕ್ಕಳೆಯಾಗಿ ಬಸಿಗಾಲುವೆಯ ಕೊಳವೆಗಳನ್ನು ಕಟ್ಟಿಹಾಕುವುದು ಇನ್ನೊಂದು ಕಿರಿಕಿರಿ. ಕಸ ಸುಡುವ ಘಟಕಗಳ ತಳಬೂದಿಯಲ್ಲಿ ಅಲ್ಯುಮಿನಿಯಂ ಚೂರುಗಳಿದ್ದು, ಅವು ಕ್ಷಾರದಲ್ಲಿ ಹೈಡ್ರೋಜನ್ ಬಿಟ್ಟು ಪದರವನ್ನು ಉಬ್ಬಿಸುವುದೂ ಉಂಟು.

ಇದಕ್ಕಿಂತ ದೊಡ್ಡ ಪ್ರಶ್ನೆ ನೀರಿನದು. ಗೋಡೆಯಲ್ಲಿರುವ ಬೂದಿಯ ಮೇಲೆ ಮಳೆ ಬಿದ್ದು ಜಾರಿಹೋಗುತ್ತದೆ. ನೆಲದಲ್ಲಿರುವ ಬೂದಿಯ ಮೂಲಕ ನೀರು ಹಾದು ಅಂತರ್ಜಲಕ್ಕೆ ಇಳಿಯುತ್ತದೆ. ಬೂದಿಯಲ್ಲಿ ಆರ್ಸೆನಿಕ್, ಸೆಲೆನಿಯಂ, ಮಾಲಿಬ್ಡಿನಂ, ಕ್ರೋಮಿಯಂಗಳಿರುತ್ತವೆ, ಉಕ್ಕಿನ ಕಿಟ್ಟದಲ್ಲಿ ವೆನೇಡಿಯಂ ಇರುತ್ತದೆ. ಕ್ಷಾರತೆ ಹೆಚ್ಚಿದರೆ ಎಲ್ಲ ಲೋಹಗಳೂ ಕಲ್ಲಾಗಿ ಕೂರುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಇದೆ, ಅದು ಅರ್ಧಸತ್ಯ. ಮಾಲಿಬ್ಡಿನಂ, ಸೆಲೆನಿಯಂ ಮತ್ತು ಕ್ರೋಮಿಯಂನ ವಿಷಕಾರಿ ರೂಪವಾದ ಷಡ್ವೇಲೆನ್ಸಿಯ ಕ್ರೋಮಿಯಂ ಕ್ಷಾರದಲ್ಲಿಯೇ ಸುಲಭವಾಗಿ ಓಡಾಡುತ್ತವೆ. ಸೀಸವೂ ಅತಿ ಕ್ಷಾರದಲ್ಲಿ ಮತ್ತೆ ಕರಗತೊಡಗುತ್ತದೆ. ಆದ್ದರಿಂದ ಯಾವ ಪರೀಕ್ಷೆ ಕೇಳುತ್ತೇವೆ ಎಂಬುದು ಬಹಳ ಮುಖ್ಯ. ಹಲವು ಕಡತಗಳಲ್ಲಿ ಕೇಳುವ ಟಿಸಿಎಲ್‌ಪಿ ಎಂಬ ಪರೀಕ್ಷೆ ಅಸಿಟಿಕ್ ಆಮ್ಲದಲ್ಲಿ ಮಾದರಿಯನ್ನು ಕುಲುಕುತ್ತದೆ, ಏಕೆಂದರೆ ಅದು ಊರ ಕಸದ ಗುಂಡಿಯ ಹುಳಿ ನೀರನ್ನು ಅನುಕರಿಸಲು ರೂಪಿಸಿದ ಪರೀಕ್ಷೆ. ರಸ್ತೆಯ ಅಡಿಯ ಕ್ಷಾರದ ಪದರದಲ್ಲಿ ಏನಾಗುತ್ತದೆ ಎಂಬುದನ್ನು ಅದು ಹೇಳಲಾರದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಆ ಬಳಿಕ ಬೇರೆ ಬೇರೆ ಕ್ಷಾರತೆಯಲ್ಲಿ, ಬೇರೆ ಬೇರೆ ನೀರಿನ ಪ್ರಮಾಣದಲ್ಲಿ ಬಸಿನೀರನ್ನು ಅಳೆಯುವ 1313ರಿಂದ 1316ರವರೆಗಿನ ನಾಲ್ಕು ವಿಧಾನಗಳನ್ನು ಪ್ರಕಟಿಸಿತು. ನೆದರ್‌ಲ್ಯಾಂಡ್ಸ್ 1999ರಲ್ಲಿ ಜಾರಿಗೆ ತಂದ ಕಟ್ಟಡ ಸಾಮಗ್ರಿ ಆದೇಶ, ಅದರ ಬದಲಿಗೆ 2008ರಿಂದ ಬಂದ ಮಣ್ಣಿನ ಗುಣಮಟ್ಟದ ಆದೇಶ, ಇವೆರಡೂ ಸಾಮಗ್ರಿಯಲ್ಲಿ ಏನಿದೆ ಎಂಬುದರ ಜೊತೆಗೆ ಅದರಿಂದ ಏನು ಬಸಿಯುತ್ತದೆ ಎಂಬುದಕ್ಕೂ ಮಿತಿ ಹಾಕಿದವು.

ಸಿಮೆಂಟನ್ನು ಮಾತ್ರ ಶುದ್ಧವೆಂದು ಎಣಿಸಿ ಈ ಪರೀಕ್ಷೆಯಿಂದ ಬಿಡುವುದೂ ಸರಿಯಲ್ಲ. ಸಿಮೆಂಟ್ ಬೆರೆಸಿದ ಮಣ್ಣಿನಿಂದ, ಅದರಲ್ಲೂ ಜ್ವಾಲಾಮುಖಿ ಬೂದಿಯ ಮಣ್ಣಿನಿಂದ, ಷಡ್ವೇಲೆನ್ಸಿಯ ಕ್ರೋಮಿಯಂ ಬಸಿಯುತ್ತದೆಂದು ಕಂಡುಬಂದು ಜಪಾನಿನಲ್ಲಿ 2000ದಿಂದ ಅದರ ಪರೀಕ್ಷೆಯನ್ನು ಕೇಳಲಾಗುತ್ತಿದೆ. ಅಲ್ಲಿ ಇದಕ್ಕೆ ಹಿಡಿದ ದಾರಿಗಳಲ್ಲಿ ಒಂದು ಊದುಕುಲುಮೆಯ ಕಿಟ್ಟ ಸೇರಿದ ಬಂಧಕ, ಏಕೆಂದರೆ ಕಿಟ್ಟಕ್ಕೆ ಆ ಕ್ರೋಮಿಯಂನ ವಿಷವನ್ನು ತಗ್ಗಿಸುವ ಅಪಕರ್ಷಣ ಗುಣವಿದೆ.

ಕಾರ್ಖಾನೆಗಳ ಹಿಂದಿನ ಬೂದಿ, ಕೆಸರುಗಳ ಗುಡ್ಡಗಳನ್ನು ಇದ್ದಲ್ಲೇ ಬಿಟ್ಟರೂ ಕ್ಷೇಮವಿಲ್ಲ. 2008ರ ಡಿಸೆಂಬರ್ 22ರಂದು ಅಮೆರಿಕದ ಟೆನ್ನೆಸ್ಸಿಯ ಕಿಂಗ್‌ಸ್ಟನ್‌ನಲ್ಲಿ ಒದ್ದೆ ಬೂದಿಯ ಕಟ್ಟೆ ಒಡೆದು ಸುಮಾರು 41 ಲಕ್ಷ ಘನ ಮೀಟರ್ ಬೂದಿ ಹರಿಯಿತು. 2010ರ ಅಕ್ಟೋಬರ್ 4ರಂದು ಹಂಗೆರಿಯ ಅಯ್ಕಾದಲ್ಲಿ ಅಲ್ಯುಮಿನಾ ಘಟಕದ ಕೆಂಪು ಕೆಸರಿನ ಕಟ್ಟೆ ಒಡೆದು ಹತ್ತು ಜನ ಸತ್ತರು. ಇವನ್ನು ನೆನೆದಾಗ ಹೇಗಾದರೂ ಸರಿ ಈ ರಾಶಿ ಖಾಲಿಯಾಗಲಿ ಎಂಬ ಆತುರ ಹುಟ್ಟುವುದು ಸಹಜ, ಮತ್ತು ಇಷ್ಟು ಟನ್ ಬಳಸಲೇಬೇಕೆಂಬ ಗುರಿಗಳು ಹುಟ್ಟುವುದು ಅಲ್ಲಿಂದಲೇ. ಟನ್ನಿನ ಗುರಿ ಇಟ್ಟ ಕೂಡಲೇ ಕಾಮಗಾರಿಯ ಉದ್ದೇಶ ನೆಲವನ್ನು ಗಟ್ಟಿ ಮಾಡುವುದರಿಂದ ರಾಶಿ ಕರಗಿಸುವುದಕ್ಕೆ ಜಾರುತ್ತದೆ, ನೂರಕ್ಕೆ ಹತ್ತು ಸಾಕಾಗುವಲ್ಲಿ ಮೂವತ್ತು ತುರುಕಲಾಗುತ್ತದೆ.

ಸಾಗಣೆಯ ಲೆಕ್ಕವೂ ಇಲ್ಲಿಯೇ ತಪ್ಪುತ್ತದೆ. ದೊಡ್ಡ ಲಾರಿಯಲ್ಲಿ ಒಂದು ಟನ್ನನ್ನು ಒಂದು ಕಿಲೋಮೀಟರ್ ಸಾಗಿಸಲು ಸ್ಥೂಲವಾಗಿ 100 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದಿಟ್ಟುಕೊಳ್ಳಿ. ಒಂದು ಟನ್ ಸಿಮೆಂಟಿನ ಬದಲು ನಾಲ್ಕು ಟನ್ ಬೂದಿಯನ್ನು 500 ಕಿಲೋಮೀಟರ್ ದೂರದಿಂದ ತಂದರೂ ಸಾಗಣೆಗೆ ಆಗುವುದು 200 ಕಿಲೋ. ಬಳಸದೆ ಉಳಿಸಿದ ಆ ಒಂದು ಟನ್ ಸಿಮೆಂಟ್ ಅದಕ್ಕಿಂತ ಹಲವು ಪಟ್ಟು ಬಿಡುತ್ತಿತ್ತು. ಅಂದರೆ ಬಂಧಕವಾಗಿ ಉಪೋತ್ಪನ್ನ ದೂರ ಪ್ರಯಾಣ ಮಾಡಬಹುದು. ಆದರೆ ಪಕ್ಕದ ದಿಬ್ಬದ ಮಣ್ಣಿನ ಬದಲು ಬರೀ ಭರ್ತಿಗಾಗಿ ಅದೇ ಬೂದಿಯನ್ನು ಅಷ್ಟು ದೂರದಿಂದ ತಂದರೆ ಉಳಿತಾಯದ ಮಾತೇ ಇಲ್ಲ. ಒಂದು ವಿನಾಯಿತಿ ಉಂಟು: ಬಿಗಿಮಾಡಿದ ಬೂದಿಯ ಒಣ ಸಾಂದ್ರತೆ ಘನ ಮೀಟರಿಗೆ 1.1ರಿಂದ 1.4 ಟನ್ನಿನಷ್ಟೇ ಇರುವುದರಿಂದ, ತೀರ ಮೆತ್ತನೆಯ ಕೆಸರಿನ ಮೇಲೆ ಏರಿ ಕಟ್ಟುವಾಗ ಅದರ ಹಗುರವೇ ಕುಸಿತವನ್ನು ತಗ್ಗಿಸುತ್ತದೆ, ಆಗ ಭರ್ತಿಗೂ ಅದು ಬೆಲೆಯುಳ್ಳದ್ದು.

ಇನ್ನೊಂದು ವಿಷಯ ನಿಮ್ಮ ಗಮನಕ್ಕೆ. ಹಲವು ದೇಶಗಳಲ್ಲಿ ತಣಿಸಿದ ಊದುಕುಲುಮೆಯ ಕಿಟ್ಟ ಈಗಾಗಲೇ ಬಹುಪಾಲು ಸಿಮೆಂಟಿಗೇ ಹೋಗುತ್ತಿದೆ. ಅಲ್ಲಿಂದ ಕಿತ್ತು ನೆಲಕ್ಕೆ ಹಾಕಿದರೆ ನಮ್ಮ ಕಾಮಗಾರಿಯ ಲೆಕ್ಕಪುಸ್ತಕ ಚೆನ್ನಾಗಿ ಕಾಣುತ್ತದೆ, ಕಾಂಕ್ರೀಟಿನವರು ಅಷ್ಟೇ ಕ್ಲಿಂಕರ್ ಹೆಚ್ಚು ಸುಡುತ್ತಾರೆ. ಪೂರೈಕೆಯೂ ಕುಗ್ಗುತ್ತಿದೆ: ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವಾದ ರ‍್ಯಾಟ್‌ಕ್ಲಿಫ್ ಮತ್ತು ಪೋರ್ಟ್ ಟಾಲ್ಬಟ್‌ನ ಉಕ್ಕಿನ ಕಾರ್ಖಾನೆಯ ಕೊನೆಯ ಊದುಕುಲುಮೆ ಎರಡೂ 2024ರ ಸೆಪ್ಟೆಂಬರ್ 30ರಂದು ನಿಂತವು. ಹೊಸ ಬೂದಿ ಕಡಿಮೆಯಾಗುವ ಕಡೆ ಹೊಂಡಗಳಲ್ಲಿ ಕೂತಿರುವ ಹಳೆಯ ಬೂದಿಯೇ ಗತಿ, ಮತ್ತು ಕಾಂಕ್ರೀಟಿನ ಕೋಷ್ಟಕ ಮೊದಲು ಹೊರಗಿಡುವುದು ಅದನ್ನೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನೆಲದ ಬಲವರ್ಧನೆಯ ನಿಬಂಧನೆಯಲ್ಲಿ ಸಾಮಗ್ರಿಯ ಹೆಸರಿನ ಬದಲು ಮಿಶ್ರಣದ ನಡತೆಯನ್ನು ಬರೆಯಿರಿ: ಭಾರ ಬರುವ ದಿನಕ್ಕೆ ಎಷ್ಟು ಬಲ, ನೀರಿನಲ್ಲಿ ನೆನೆದಾಗ ಎಷ್ಟು ಊತ, ಆ ನೆಲದ ಕ್ಷಾರತೆಯಲ್ಲಿ ಎಷ್ಟು ಬಸಿತ. ಬಲವನ್ನು ಏಳನೆಯ ದಿನಕ್ಕಲ್ಲ, 28 ಅಥವಾ 90ನೆಯ ದಿನಕ್ಕೆ ಕೇಳಿ, ಆತುರವಿದ್ದಲ್ಲಿ ಮಾತ್ರ ಬೇಗ ಕೇಳಿ. ಪ್ರಯೋಗವನ್ನು ಆ ಜಾಗದ ಮಣ್ಣಿನಿಂದಲೇ ಮಾಡಿಸಿ, ಮಣ್ಣಿನ ಸಲ್ಫೇಟಿನ ಜೊತೆ ಒಟ್ಟು ಗಂಧಕವನ್ನೂ ಅಳೆಯಿಸಿ. ಸಿಮೆಂಟಿಗೂ ಸುಣ್ಣಕ್ಕೂ ಇದೇ ಪರೀಕ್ಷೆಗಳಿರಲಿ. ಕಾರ್ಖಾನೆಯ ಬೂದಿ ಕಲ್ಲಿದ್ದಲು ಬದಲಾದಂತೆ ಬದಲಾಗುವುದರಿಂದ ಒಮ್ಮೆ ತಂದ ಪ್ರಮಾಣಪತ್ರವನ್ನು ವರ್ಷವಿಡೀ ಒಪ್ಪಬೇಡಿ.

ಮತ್ತೆ, ಒಂದು ದಾಖಲೆ ಪುಸ್ತಕ ತೆರೆಯಿರಿ. ಯಾವ ಜಾಗದಲ್ಲಿ, ಎಷ್ಟು ಆಳದಲ್ಲಿ, ಯಾವ ಕಾರ್ಖಾನೆಯ ಯಾವ ತಿಂಗಳ ಸಾಮಗ್ರಿಯನ್ನು, ಎಷ್ಟು ಪ್ರಮಾಣದಲ್ಲಿ ಹಾಕಲಾಯಿತು ಎಂಬುದು ಅದರಲ್ಲಿರಲಿ, ಬಸಿನೀರಿನ ಪರೀಕ್ಷೆಯ ಫಲಿತಾಂಶವೂ ಇರಲಿ, ಮತ್ತು ಅದನ್ನು ಯಾರು ಬೇಕಾದರೂ ನೋಡುವಂತಿರಲಿ. ಇಂದು ನಾವು ಗಟ್ಟಿ ಮಾಡಿದ ನೆಲವನ್ನು ಐವತ್ತು ವರ್ಷಗಳ ಮೇಲೆ ಯಾರೋ ಅಗೆಯುತ್ತಾರೆ, ಅಲ್ಲೊಂದು ಬಾವಿ ಕೊರೆಯುತ್ತಾರೆ. ಅಗೆಯುವ ಮೊದಲು ಅವರು ಆ ಪುಸ್ತಕವನ್ನು ತೆರೆದು ನೋಡುವಂತಾಗಬೇಕು.

ಇಂತಿ,
ನೆಲದ ಬಲವರ್ಧನೆಯ ಕೆಲಸದಲ್ಲಿ ದುಡಿದ ಒಬ್ಬ ಎಂಜಿನಿಯರ್